ಚಿಣ್ಣಿ ಇದೆಯೋ, ನಿಂತಿದೆಯೋ

ನಮ್ಮ ಊರಿನ ವಿಚಾರಣೆ ಕಚೇರಿಯಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಗುಮಾಸ್ತೆ. ನನಗಿಂತ ಮೊದಲು ಅಪ್ಪ ಅದೇ ಕುರ್ಚಿಯಲ್ಲಿ ಕೂತಿದ್ದರು. ಅವರಿಗಿಂತ ಮೊದಲು ಯಾರಿದ್ದರೋ, ಅವರ ಸಹಿ ಇದ್ದ ರಿಜಿಸ್ಟರನ್ನು ಗೆದ್ದಲು ತಿಂದಿದೆ. ಕೆಲಸ ದೊಡ್ಡದೇನಲ್ಲ. ಊರಿನವರು ಬಂದು ತಮ್ಮ ಮನೆಯ ಮಿಕ್ಸಿಯದೋ ಫ್ಯಾನಿನದೋ ಗಡಿಯಾರದ್ದೋ ಹೆಸರು ಹೇಳಿ, ಇದನ್ನು ಇನ್ನೂ ಮಾಡುತ್ತಿದ್ದಾರೆಯೇ ಎಂದು ಕೇಳುತ್ತಾರೆ. ನಾನು ಅದನ್ನು ಮಾಡುವ ಕಂಪನಿಗೆ ಪತ್ರ ಬರೆಯುತ್ತೇನೆ. ಉತ್ತರ ಬಂದಮೇಲೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಚೇರಿಯ ಹೊರಗಿನ ಬೋರ್ಡಿನ ಮೇಲೆ ಆ ವಸ್ತುವಿನ ಹೆಸರು ಬರೆದು, ಅದರ ಮುಂದೆ ಮೂರು ಮಾತುಗಳಲ್ಲಿ ಒಂದನ್ನು ಬರೆಯುತ್ತೇನೆ: ಇದೆ, ನಿಲ್ಲಲಿದೆ, ನಿಂತಿದೆ. ನಾಲ್ಕನೆಯ ಮಾತಿಗೆ ನಿಯಮದಲ್ಲಿ ಜಾಗ ಇಲ್ಲ.

ಯಾಕೆ ಇಷ್ಟೆಲ್ಲ ಎಂದರೆ, ಒಂದು ಯಂತ್ರವನ್ನು ಮಾಡುವವರು ಮಾಡುವುದನ್ನು ನಿಲ್ಲಿಸಿದರೆ ನಮ್ಮ ಊರಿನಲ್ಲಿ ಆ ಯಂತ್ರ ನಡೆಯುವುದನ್ನು ನಿಲ್ಲಿಸುತ್ತದೆ. ಕೆಡುವುದಲ್ಲ, ನಿಲ್ಲುವುದು. ರಿಪೇರಿಯವನು ಬಿಚ್ಚಿ ನೋಡಿ, ಎಲ್ಲ ಸರಿಯಾಗಿದೆ ಎಂದು ಹೇಳಿ ಮತ್ತೆ ಮುಚ್ಚುತ್ತಾನೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವರ್ಷ ತಲೆ ಚಚ್ಚಿಕೊಳ್ಳುತ್ತಾರೆ. ಎರಡನೆಯ ವರ್ಷ ಎಲ್ಲರಿಗಿಂತ ಮುಂಚೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಪೊರಕೆ, ಚಾಪೆ, ಒರಳುಕಲ್ಲುಗಳಿಗೆ ಈ ತಾಪತ್ರಯ ಇಲ್ಲ, ಅವನ್ನು ಯಾರಾದರೂ ಎಲ್ಲಾದರೂ ಮಾಡುತ್ತಲೇ ಇರುತ್ತಾರೆ. ಬೋರ್ಡಿನ ಮೇಲೆ ‘ನಿಲ್ಲಲಿದೆ’ ಎಂದು ಬಿದ್ದ ದಿನದಿಂದ ಮನೆಮನೆಯಲ್ಲೂ ಕೊನೆ ಕೆಲಸ ಶುರುವಾಗುತ್ತದೆ. ಮಿಕ್ಸಿಯಾದರೆ ಆರು ತಿಂಗಳಿಗೆ ಆಗುವಷ್ಟು ಚಟ್ನಿಪುಡಿ ಮಾಡಿಕೊಳ್ಳುತ್ತಾರೆ, ಹೊಲಿಗೆ ಮಿಷನ್ನಾದರೆ ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ಹೊಲಿದು ಮುಗಿಸುತ್ತಾರೆ. ‘ನಿಂತಿದೆ’ ಎಂದು ಬಿದ್ದಮೇಲೆ ಆ ಯಂತ್ರವನ್ನು ಮತ್ತೆ ಒತ್ತಿ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ಹಾಗೆ ಮಾಡುವುದು ಸತ್ತವರನ್ನು ಅಲುಗಾಡಿಸಿ ಎಬ್ಬಿಸಿದಂತೆ ಎಂದು ಹಿರಿಯರು ಬೈಯುತ್ತಾರೆ.

ಇನ್ನೊಂದು ಕಟ್ಟುಪಾಡಿದೆ. ವಸ್ತುವನ್ನು ಬಳಸುವವರೇ ಕೌಂಟರಿಗೆ ಬಂದು ಬಾಯಿಬಿಟ್ಟು ಕೇಳಬೇಕು, ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸುವಂತಿಲ್ಲ. ಉತ್ತರ ಬಂದಮೇಲೆ ಕೇಳಿದವರಿಗೆ ಆ ಪತ್ರವನ್ನು ಓದಲು ಕೊಡಲೇಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಎದುರು ಮನೆಯ ಶ್ರೀಕಂಠ ಹನ್ನೊಂದು ವರ್ಷದಿಂದ ನನ್ನ ಕೌಂಟರಿಗೆ ಬಂದಿರಲಿಲ್ಲ. ಬಂದರೆ ನನ್ನ ಮುಂದೆ ಬಾಯಿಬಿಡಬೇಕಾಗುತ್ತದೆ. ಶ್ರೀಕಂಠ ನನ್ನ ಒಡಹುಟ್ಟಿದ ಅಣ್ಣ. ನಾವಿಬ್ಬರೂ ಮಾತಾಡಿ ಹನ್ನೊಂದು ವರ್ಷವಾಗಿತ್ತು.

ಈಗ ಚಿಣ್ಣಿಯ ವಿಷಯಕ್ಕೆ ಬರುತ್ತೇನೆ. ಅದು ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ, ಸೋಪಿನ ಡಬ್ಬಿಯಷ್ಟು ದೊಡ್ಡದು. ಎಡಗಡೆ ನಾಲ್ಕು ಬಾಣದ ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ, ನಡುವೆ ಪರದೆ. ಅದರಲ್ಲಿ ಹದಿನೆಂಟು ಆಟಗಳಿದ್ದರೂ ನಮ್ಮವರು ಆಡುವುದು ಚೌಕಾಬಾರ ಒಂದನ್ನೇ. ತಂತಿಗಿಂತಿ ಏನೂ ಇಲ್ಲದೆ ನಲವತ್ತು ಅಡಿ ದೂರದಲ್ಲಿರುವ ಇನ್ನೊಂದು ಚಿಣ್ಣಿಯ ಜೊತೆ ಆಡಬಹುದು. ಹೊರಗಿನ ಊರುಗಳಲ್ಲಿ ಇದನ್ನು ಯಾರೂ ಮೂಸಿ ನೋಡಲಿಲ್ಲವಂತೆ, ಅಲ್ಲಿ ಎಲ್ಲರೂ ಫೋನಿನಲ್ಲೇ ಆಡುತ್ತಾರೆ. ನಮ್ಮಲ್ಲಿ ಫೋನಿನ ಪಾಡು ಬೇರೆ. ಕಂಪನಿಗಳು ವರ್ಷಕ್ಕೊಂದು ಹೊಸದನ್ನು ತಂದು ಹಳೆಯದನ್ನು ಕೈಬಿಡುವುದರಿಂದ, ಕೊಂಡ ಫೋನು ಕವರು ಹರಿಯುವ ಮೊದಲೇ ನಿಂತುಹೋಗುತ್ತದೆ. ಹಾಗಾಗಿ ಊರಿಗೆ ಊರೇ ಚಿಣ್ಣಿಯನ್ನು ನೆಚ್ಚಿಕೊಂಡಿತ್ತು.

ನನಗೂ ಒಂದು ಚಿಣ್ಣಿ ಇದೆ. ಐವತ್ತಾರು ವರ್ಷದ ಹೆಂಗಸಿಗೆ ಇದೇನು ಹುಚ್ಚು ಎಂದು ನಮ್ಮ ಕಚೇರಿಯ ಜವಾನ ಪಂಚಾಕ್ಷರಿ ನಗುತ್ತಾನೆ. ಅವನಿಗೂ ನಿವೃತ್ತಿಯ ವಯಸ್ಸು, ಅವನ ಚಡ್ಡಿಯ ಜೇಬಿನಲ್ಲೂ ಒಂದು ಚಿಣ್ಣಿ ಇದೆ. ಕಚೇರಿ ಎರಡು ಗಂಟೆಗೆ ಮುಚ್ಚುತ್ತದೆ. ಊಟ ಮುಗಿಸಿ ಮೂರೂವರೆಗೆ ನಾನು ಮನೆಯ ಜಗಲಿಯಲ್ಲಿ ಕೂತು ಗುಂಡಿ ಒತ್ತುತ್ತೇನೆ. ಪರದೆಯ ಮೇಲೆ ಹತ್ತಿರದ ಆಟಗಾರರ ಪಟ್ಟಿ ಬರುತ್ತದೆ. ಅದರಲ್ಲಿ ‘ಹುರಿಗಾಳು’ ಎಂಬ ಹೆಸರಿರುತ್ತದೆ. ನನ್ನ ಹೆಸರು ‘ಆಟಗಾರ ೪’, ಅದನ್ನು ಬದಲಾಯಿಸುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಹುರಿಗಾಳು ಯಾರೆಂದು ಮೊದಲ ವಾರದಲ್ಲೇ ತಿಳಿಯಿತು. ಹಣ್ಣಾಗುವುದಕ್ಕೆ ಒಂದೇ ಮನೆ ಬಾಕಿ ಇದ್ದ ಕಾಯಿಯನ್ನು ಹಾಗೇ ಬಿಟ್ಟು, ಹಿಂದೆ ಎಲ್ಲೋ ಇದ್ದ ನನ್ನ ಬಡಪಾಯಿ ಕಾಯಿಯನ್ನು ಅದು ಕಡಿದು ಹಾಕಿತು. ಗೆಲ್ಲುವುದಕ್ಕಿಂತ ತಂಗಿಯ ಕಾಯಿ ಕಡಿಯುವುದೇ ಹೆಚ್ಚು ಎನ್ನುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇರುವುದು. ನಾನು ತಲೆ ಎತ್ತಿ ರಸ್ತೆಯ ಆಚೆ ನೋಡಿದೆ. ಅಣ್ಣ ತನ್ನ ಜಗಲಿಯಲ್ಲಿ ಕಂಬಕ್ಕೆ ಒರಗಿ, ಅಂಗೈಯನ್ನೇ ನೋಡುತ್ತ ಕೂತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಅಂದಿನಿಂದ ಆರು ವರ್ಷ ದಿನಾ ಆಡಿದ್ದೇವೆ. ರಸ್ತೆಯಲ್ಲಿ ಎದುರಾದರೆ ಅವನು ಆಕಾಶ ನೋಡುತ್ತಾನೆ, ನಾನು ಚಪ್ಪಲಿ ನೋಡುತ್ತೇನೆ. ಎರಡು ದಿನ ಹುರಿಗಾಳು ಪಟ್ಟಿಯಲ್ಲಿ ಕಾಣದಿದ್ದರೆ ಅವನಿಗೆ ಜ್ವರ ಎಂದು ತಿಳಿದು ನನಗೆ ಊಟ ಸೇರುವುದಿಲ್ಲ. ಮೂರನೆಯ ದಿನ ಹೆಸರು ಕಂಡಾಗ ಆಗುವ ಸಮಾಧಾನವನ್ನು ನಾನು ಯಾರಿಗೂ ಹೇಳಿಲ್ಲ. ಅವನೊಡನೆ ನನಗೆ ಉಳಿದಿದ್ದದ್ದು ಇದೊಂದೇ.

ಮಾತು ಬಿಟ್ಟದ್ದು ಅಮ್ಮನ ವಿಷಯಕ್ಕೆ. ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಕಿವಿಗೆ ಸಿಕ್ಕಿಸಿಕೊಳ್ಳುವ ಮಿಷನ್ ಹಾಕಿದರೆ ಎಲ್ಲ ಕೇಳುತ್ತಿತ್ತು. ಅಕ್ಕಪಕ್ಕದವರ ಜಗಳವನ್ನೂ ಬಿಡದೆ ಕೇಳುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಗುರುವಾರ ಆ ಮಿಷನ್ನಿನ ಕಂಪನಿಯಿಂದ ಪತ್ರ ಬಂತು: ಈ ತಿಂಗಳಿಗೆ ನಿಲ್ಲಿಸಿದ್ದೇವೆ. ಅದರ ಮುಂದಿನ ವಾರ ಅಮ್ಮನ ತಂಗಿ, ಎಂಟು ವರ್ಷದಿಂದ ಕಾಣದ ಚಿಕ್ಕಮ್ಮ, ನಮ್ಮ ಮನೆಗೆ ಬರುವವಳಿದ್ದಳು. ಭಾನುವಾರ ಅಣ್ಣ ಬಂದು, “ಒಂದು ವಾರ ತಡಿ ವಿಶಾಲೂ, ಚಿಕ್ಕಮ್ಮ ಬಂದು ಹೋಗ್ಲಿ, ಆಮೇಲೆ ಬರಿ” ಎಂದ. ನಾನು ಕಚೇರಿಯ ಕುರ್ಚಿಯಲ್ಲಿ ಕೂತವಳಂತೆಯೇ ಮಾತಾಡಿದೆ. “ನಾನು ಬರೆದ್ರೂ ನಿಲ್ಲುತ್ತೆ, ಬರೀದಿದ್ರೂ ನಿಲ್ಲುತ್ತೆ. ಬೋರ್ಡು ಸುದ್ದಿ ಹೇಳುತ್ತೆ ಅಷ್ಟೆ. ಇದರಲ್ಲಿ ಅನುಮಾನವೇ ಇಲ್ಲ” ಎಂದೆ. ಸೋಮವಾರ ಬರೆದೆ. ಮಿಷನ್ ಅಂದೇ ನಿಂತಿತು. ಚಿಕ್ಕಮ್ಮ ಬಂದು ಮೂರು ದಿನ ಅಮ್ಮನ ಪಕ್ಕದಲ್ಲೇ ಕೂತು ಮಾತಾಡಿದಳು. ಅಮ್ಮ ಎಲ್ಲದಕ್ಕೂ ನಗುತ್ತ ತಲೆಯಾಡಿಸಿದಳು. ಬೇರೆ ಕಂಪನಿಯ ಮಿಷನ್ ತರಿಸಿದೆವು, ಹೊಂದಲಿಲ್ಲ. ಎರಡು ತಿಂಗಳಿಗೆ ಅಮ್ಮ ತೀರಿಕೊಂಡಳು. ಹನ್ನೆರಡನೆಯ ದಿನದ ಕೆಲಸ ಮುಗಿಸಿ ಎಲೆ ತೆಗೆಯುವ ಹೊತ್ತಿಗೆ ಅಣ್ಣ ನನ್ನ ಜೊತೆ ಮಾತು ನಿಲ್ಲಿಸಿದ್ದ.

ಈ ವರ್ಷ ಯುಗಾದಿ ಕಳೆದ ಮೇಲೆ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಚಿಣ್ಣಿಗೆ ವಿದಾಯವೇ, ಎಂದು ತಲೆಬರಹ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಮರುದಿನ ಅದೇ ಪತ್ರಿಕೆಯಲ್ಲಿ ಕಂಪನಿಯ ಸ್ಪಷ್ಟನೆ: ವರದಿ ಸತ್ಯಕ್ಕೆ ದೂರ. ಅದರ ಮರುದಿನ, ಸ್ಪಷ್ಟನೆಯಲ್ಲಿ ಯಾವುದನ್ನೂ ಅಲ್ಲಗಳೆದಿಲ್ಲ ಎಂದು ಇನ್ನೊಂದು ಸುದ್ದಿ. ಸೋಮವಾರದ ಹೊತ್ತಿಗೆ ನನ್ನ ಕೌಂಟರಿನ ಮುಂದೆ ಮೂವತ್ತೊಂಬತ್ತು ಜನ ಸಾಲು ನಿಂತಿದ್ದರು. ಮೊದಲನೆಯವಳು ಹಿಂದಿನ ಬೀದಿಯ ದರ್ಜಿ ಜುಲೇಖಾಬಿ. ಹೊಲಿದು ಹೊಲಿದು ಮರಗಟ್ಟಿದ ಬೆರಳು ಸಡಿಲಾಗುವುದು ಚಿಣ್ಣಿ ಆಡಿದರೆ ಮಾತ್ರ ಎಂದು ಅವಳ ನಂಬಿಕೆ. “ಇರುತ್ತೋ ಹೋಗುತ್ತೋ, ಒಂದು ಮಾತು ಹೇಳಿಬಿಡಮ್ಮ” ಎಂದಳು. ಹೇಳುವುದೇ ನನ್ನ ಕೆಲಸ, ಆದರೆ ಏನು ಹೇಳಲಿ? ಕಂಪನಿಗೆ ಪತ್ರ ಬರೆದೆ.

ಹತ್ತು ದಿನಕ್ಕೆ ಉತ್ತರ ಬಂತು. ಹೊಳಪಿನ ಕಾಗದ, ಮೇಲೆ ಬಣ್ಣದ ಮುದ್ರೆ. “ಚಿಣ್ಣಿಯ ಬಗ್ಗೆ ತಾವು ತೋರಿದ ಪ್ರೀತಿಗೆ ಕೃತಜ್ಞರು. ಕೈಯಲ್ಲಿ ಹಿಡಿದು ಆಡುವ ಆಟಗಳ ಬಗ್ಗೆ ನಮ್ಮ ಬದ್ಧತೆ ಅಚಲವಾಗಿದೆ.” ನಾನು ಕೇಳಿದ್ದು ಮಾಡುತ್ತಿದ್ದೀರೋ ಇಲ್ಲವೋ ಎಂದು. ಮತ್ತೆ ಬರೆದೆ. “ಸದ್ಯಕ್ಕೆ ಹೊಸ ಬಣ್ಣಗಳ ಯೋಜನೆ ಇಲ್ಲ, ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಬಾರದು” ಎಂದು ಉತ್ತರ ಬಂತು. ಆ ಬೇರೆ ಅರ್ಥ ಯಾವುದೆಂದು ಬರೆದಿರಲಿಲ್ಲ. ಸಗಟು ವ್ಯಾಪಾರಿಗೆ ಬರೆದರೆ ಅವನು, ಮಾಲು ಬರುತ್ತಿಲ್ಲ, ಬರುವುದಿಲ್ಲವೆಂದೂ ಹೇಳಲಾಗದು, ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಪತ್ರಗಳನ್ನು ನಾನು ಕಂಡಿರಲಿಲ್ಲ. ಹಳೆಯ ಕಂಪನಿಗಳು ನಿಲ್ಲಿಸಿದರೆ ನಿಲ್ಲಿಸಿದ್ದೇವೆ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದವು.

ಐದು ಸೋಮವಾರ ನಾನು ಬೋರ್ಡಿನ ಮೇಲೆ ‘ಚಿಣ್ಣಿ’ ಎಂದು ಬರೆದು ಮುಂದಿನ ಜಾಗವನ್ನು ಖಾಲಿ ಬಿಟ್ಟೆ. ಜನ ಆ ಖಾಲಿ ಜಾಗವನ್ನು ಓದತೊಡಗಿದರು. ಕಳೆದ ವಾರಕ್ಕಿಂತ ಈ ವಾರ ಜಾಗ ಅಗಲವಾಗಿದೆ, ದೊಡ್ಡ ಮಾತೇ ಬರುತ್ತದೆ, ‘ನಿಲ್ಲಲಿದೆ’ಯೇ ಸೈ, ಎಂದು ಒಬ್ಬ. ಸೀಮೆಸುಣ್ಣವನ್ನು ಒತ್ತಿ ಬರೆದಿದ್ದಾರೆ, ಗಟ್ಟಿ ಇದೆ ಎಂದು ಇನ್ನೊಬ್ಬ. ಊರು ಎರಡು ಪಾಲಾಯಿತು. ನಿಲ್ಲುತ್ತದೆ ಎಂದವರು ಕೊನೆ ಕೆಲಸಕ್ಕೆ ಇಳಿದು ಹದಿನೆಂಟು ಆಟಗಳನ್ನೂ ಕೂತಲ್ಲಿ ಕೂತು ಮುಗಿಸಿದರು. ಮುಗಿಸಿದ ಮೇಲೂ ಚಿಣ್ಣಿ ನಡೆಯುತ್ತಲೇ ಇದ್ದದ್ದನ್ನು ಕಂಡು ಪೆಚ್ಚಾಗಿ ಮತ್ತೆ ಮೊದಲಿನಿಂದ ಶುರುಮಾಡಿದರು. ನಿಲ್ಲುವುದಿಲ್ಲ ಎಂದವರು ಹಟಕ್ಕೆ ಬಿದ್ದು ಯಾವ ಆಟವನ್ನೂ ಮುಗಿಸದೆ ಅರ್ಧಕ್ಕೆ ಬಿಡತೊಡಗಿದರು. ಪಂಚಾಕ್ಷರಿ ಬೆಳಿಗ್ಗೆ ಒಂದು ಪಾಲು, ಸಂಜೆ ಇನ್ನೊಂದು ಪಾಲು. ನಾನು ಎರಡರಲ್ಲೂ ಇರಲಿಲ್ಲ. ಮೂರೂವರೆಗೆ ಗುಂಡಿ ಒತ್ತುವಾಗಲೆಲ್ಲ, ಹುರಿಗಾಳು ಕಾಣುತ್ತದೋ ಇಲ್ಲವೋ ಎಂದು ಪಟ್ಟಿಯನ್ನೇ ನೋಡುತ್ತಿದ್ದೆ. ಕಂಡರೆ, ಇದೇ ಕೊನೆಯ ಆಟವೋ ಏನೋ ಎಂದುಕೊಂಡು ತಪ್ಪು ಕಾಯಿ ನಡೆಸುತ್ತಿದ್ದೆ. ಅಣ್ಣನೂ ಸುಮ್ಮಸುಮ್ಮನೆ ತಪ್ಪು ನಡೆಸುತ್ತಿದ್ದ.

ನನ್ನ ಹದಿನಾಲ್ಕನೆಯ ಪತ್ರಕ್ಕೆ ಬಂದ ಉತ್ತರ ಹೊಳಪಿನ ಕಾಗದದಲ್ಲಿರಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ನೀಲಿ ಪೆನ್ನಿನ ಬರಹ. ಬರೆದವನು ಫ್ಯಾಕ್ಟರಿಯ ಉಗ್ರಾಣದ ಉಸ್ತುವಾರಿ ಮನುಷ್ಯ. “ಅಮ್ಮಾವರೇ, ನಿಮ್ಮ ಪತ್ರಗಳನ್ನು ಆಫೀಸಿನವರು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ತಳ್ಳಿ ಕಡೆಗೆ ನನ್ನ ಹತ್ತಿರ ಕಳಿಸಿದ್ದಾರೆ. ಅವರು ನೇರವಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಚಿಣ್ಣಿಯನ್ನು ಜೋಡಿಸುತ್ತಿದ್ದ ಮಿಷನ್ನುಗಳನ್ನು ಮೂರು ವರ್ಷದ ಹಿಂದೆ ದೀಪಾವಳಿಯ ಮುಂಚೆಯೇ ಬಿಚ್ಚಿ ಸಾಗಿಸಿದರು. ಆ ಜಾಗದಲ್ಲಿ ಈಗ ನಾವು ಸೈಕಲ್ ನಿಲ್ಲಿಸುತ್ತೇವೆ. ಅಂದಿನಿಂದ ಮಾರಿದ್ದೆಲ್ಲ ಉಗ್ರಾಣದಲ್ಲಿದ್ದ ಹಳೇ ಮಾಲು. ಅದೂ ಹೋದ ತಿಂಗಳು ಖಾಲಿಯಾಯಿತು. ನಿಮ್ಮ ಊರಿನಲ್ಲಿ ಇಷ್ಟು ಜನ ಆಡುತ್ತಾರೆಂದು ತಿಳಿದು ಸಂತೋಷವಾಯಿತು.”

ಓದಿ ಲೆಕ್ಕ ಹಾಕಿದೆ. ಮೂರು ವರ್ಷದ ಹಿಂದೆ ಮಾಡುವುದನ್ನು ನಿಲ್ಲಿಸಿದ್ದರೆ ಮೂರು ವರ್ಷದ ಹಿಂದೆಯೇ ಇಲ್ಲಿ ಚಿಣ್ಣಿಗಳು ನಿಲ್ಲಬೇಕಿತ್ತು. ನಿಂತಿಲ್ಲ. ನಿನ್ನೆ ಮಧ್ಯಾಹ್ನ ಕೂಡ ಆಡಿದ್ದೇನೆ. ಹಾಗಾದರೆ ಇಷ್ಟು ವರ್ಷ ನಮ್ಮ ಊರಿನಲ್ಲಿ ಯಂತ್ರಗಳನ್ನು ನಿಲ್ಲಿಸುತ್ತಿದ್ದದ್ದು ಯಾವುದು? ಜುಲೇಖಾಬಿಯ ಹಳೇ ಹೊಲಿಗೆ ಮಿಷನ್ ನೆನಪಾಯಿತು. ತೋಳಿನ ಹೊಲಿಗೆ ಅರ್ಧದಲ್ಲಿದ್ದಾಗ ಸೂಜಿ ಮೇಲೆದ್ದದ್ದು ಇಳಿಯಲೇ ಇಲ್ಲ, ಆಗ ಗಂಟೆ ಹತ್ತೂವರೆ ಕಳೆದು ಐದು ನಿಮಿಷ, ಎಂದು ಅವಳು ಸಾವಿರ ಸಲ ಹೇಳಿದ್ದಾಳೆ. ನಾನು ಬೋರ್ಡು ಬರೆಯುವುದು ಹತ್ತೂವರೆಗೆ. ಇನ್ನು ಅಣ್ಣನ ಮನೆಯ ರೇಡಿಯೋ. ಅದನ್ನು ಮಾಡಿದ ಕಂಪನಿ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿದೆ ಎಂದು ಜನ ಆಡಿಕೊಳ್ಳುತ್ತಾರೆ. ಅವನು ಕೌಂಟರಿಗೆ ಬಂದು ಅದರ ವಿಷಯ ಕೇಳಿಲ್ಲ, ಬೇರೆ ಯಾರ ಮನೆಯಲ್ಲೂ ಅಂಥದ್ದಿಲ್ಲ, ಹಾಗಾಗಿ ನಾನು ಬೋರ್ಡಿನ ಮೇಲೆ ಬರೆದೂ ಇಲ್ಲ. ಅದು ಈಗಲೂ ದಿನಾ ಬೆಳಿಗ್ಗೆ ಬೀದಿಗೆಲ್ಲ ಕೇಳುವಂತೆ ಹಾಡುತ್ತದೆ. ಆದರೆ ಲಾರಿ ಆಫೀಸಿನ ತೂಕದ ಮಿಷನ್ ಒಂದು ಬುಧವಾರ ತಾನಾಗಿ ನಿಂತಿತ್ತು, ಪತ್ರ ಬಂದದ್ದು ಮರುದಿನ, ನಾನು ಬರೆದದ್ದು ಅದರ ಮುಂದಿನ ಸೋಮವಾರ. ಅದು ನಿಜವಾಗಿ ಕೆಟ್ಟಿತ್ತೋ, ನಿಂತಿತ್ತೋ? ಯಾರೂ ಒತ್ತಿ ನೋಡಲಿಲ್ಲ.

ಈ ಪತ್ರದಲ್ಲಿದ್ದುದನ್ನು ಬೋರ್ಡಿನ ಮೇಲೆ ಬರೆದರೆ ಎರಡರಲ್ಲಿ ಒಂದಾಗಬೇಕು. ಬರೆದ ಕೂಡಲೇ ಚಿಣ್ಣಿ ನಿಂತರೆ, ನಿಲ್ಲಿಸುವುದು ನನ್ನ ಸೀಮೆಸುಣ್ಣ ಎಂದಾಯಿತು. ಆಗ ಅಮ್ಮನ ಕಿವಿಯನ್ನು ಮುಚ್ಚಿದವಳು ನಾನೇ, ಅಣ್ಣ ಒಂದು ವಾರ ತಡೆ ಎಂದದ್ದೇ ಸರಿ. ಬರೆದ ಮೇಲೂ ಚಿಣ್ಣಿ ನಡೆದರೆ, ಬೋರ್ಡಿಗೂ ಯಂತ್ರಕ್ಕೂ ಸಂಬಂಧವೇ ಇಲ್ಲ, ನನ್ನ ಇಪ್ಪತ್ತೆಂಟು ವರ್ಷ, ಅಪ್ಪನ ಮೂವತ್ತು ವರ್ಷ ಎಲ್ಲ ನೀರಿನಲ್ಲಿ ಹೋಮ. ಬರೆಯದೆ ಇದ್ದರೆ ಸುಳ್ಳು ಹೇಳಿದ ಹಾಗೆ. ಯಾವ ಕಡೆ ಹೊರಳಿದರೂ ಮೈಗೆ ಮುಳ್ಳೇ. ಎಲ್ಲಕ್ಕಿಂತ ಹೆಚ್ಚಾಗಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರೂವರೆಯ ಆಟ ಹೋಗಿಬಿಟ್ಟರೆ ಅಣ್ಣ ಬದುಕಿದ್ದಾನೋ ಇಲ್ಲವೋ ಎಂಬುದನ್ನೂ ನಾನು ಬೇರೆಯವರಿಂದ ತಿಳಿಯಬೇಕಾಗುತ್ತಿತ್ತು. ಪತ್ರವನ್ನು ಮಡಿಸಿ ಟೇಬಲ್ಲಿನ ಡ್ರಾಯರಿನಲ್ಲಿ ರಬ್ಬರ್ ಸ್ಟಾಂಪುಗಳ ಕೆಳಗೆ ಇಟ್ಟೆ. ಶುಕ್ರವಾರ ಜುಲೇಖಾಬಿ ಬಂದು, “ಬಂತೇನಮ್ಮ?” ಎಂದಳು. “ಇಲ್ಲ” ಎಂದೆ. ಆ ಕುರ್ಚಿಯಲ್ಲಿ ಕೂತು ನಾನು ಹೇಳಿದ ಮೊದಲ ಸುಳ್ಳು ಅದು.

ಶನಿವಾರ ಕಚೇರಿ ತೆರೆದಾಗ ಸಾಲಿನಲ್ಲಿ ಆರೇಳು ಜನ ಇದ್ದರು. ತಲೆ ಬಗ್ಗಿಸಿ ಒಬ್ಬೊಬ್ಬರದೇ ಬರೆದುಕೊಳ್ಳುತ್ತಿದ್ದೆ. ಕಸ ಗುಡಿಸುತ್ತಿದ್ದ ಪಂಚಾಕ್ಷರಿಯ ಪೊರಕೆಯ ಸದ್ದು ನಿಂತಿತು. ತಲೆ ಎತ್ತಿದರೆ ಕೌಂಟರಿನ ಆಚೆ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಯಾರದೋ ಮದುವೆಗೆ ಹೊರಟವನ ಹಾಗೆ ಬಂದಿದ್ದ. ಇಷ್ಟು ಹತ್ತಿರದಿಂದ ಅವನನ್ನು ನೋಡಿ ಎಷ್ಟು ಕಾಲವಾಗಿತ್ತೆಂದರೆ, ಹುಬ್ಬು ನರೆತದ್ದು ನನಗೆ ಆಗಲೇ ಗೊತ್ತಾದದ್ದು.

“ಹೆಸರು?” ಎಂದೆ. ಕ್ರಮ ಹಾಗಿದೆ, ಸ್ವಂತ ಅಣ್ಣನಾದರೂ ಕೇಳಬೇಕು.

“ಶ್ರೀಕಂಠ.”

“ವಸ್ತು?”

“ಚಿಣ್ಣಿ.”

“ಪ್ರಶ್ನೆ?”

“ಇದೆಯೋ, ನಿಲ್ಲುತ್ತೋ, ನಿಂತಿದೆಯೋ? ದಿನಾ ಮಧ್ಯಾಹ್ನ ಅದಕ್ಕೇ ಕಾಯೋನು ನಾನು. ಗೊತ್ತಾಗ್ದೆ ಇರೋದಕ್ಕೆ ಆಗ್ತಾ ಇಲ್ಲ.”

ಉತ್ತರ ಬಂದಿಲ್ಲ ಎಂದು ಹೇಳಬಹುದಿತ್ತು. ಹಿಂದಿನ ದಿನವಷ್ಟೇ ಹೇಳಿ ನಾಲಿಗೆಗೆ ಅಭ್ಯಾಸವೂ ಆಗಿತ್ತು. ಆದರೆ ಅಷ್ಟು ವರ್ಷದ ಮೇಲೆ ಬಾಯಿಬಿಟ್ಟವನ ಎದುರು ನನಗೆ ಅದು ಆಗಲಿಲ್ಲ. ಡ್ರಾಯರು ಎಳೆದು, ಪತ್ರ ತೆಗೆದು, ಕೌಂಟರಿನ ಮೇಲೆ ತಳ್ಳಿದೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ನಡುವೆ ಒಮ್ಮೆ ತಲೆ ಎತ್ತಿ ಹೊರಗಿನ ಬೋರ್ಡಿನ ಕಡೆ ನೋಡಿದ.

“ಮೂರು ವರ್ಷ?” ಎಂದ.

“ಹೌದು.”

“ಮೊನ್ನೆ ನೀನು ನನ್ನ ಎರಡು ಕಾಯಿ ಕಡಿದೆಯಲ್ಲ?”

ಅದು ನಾನೇ ಎಂದು ಅವನಿಗೆ ಗೊತ್ತಿತ್ತೆಂಬುದು ನನಗೆ ಗೊತ್ತಿತ್ತು, ಆದರೂ ಅವನ ಬಾಯಿಂದ ಕೇಳಿದಾಗ ಕಣ್ಣು ಮಂಜಾಯಿತು. “ಕಡಿದೆ” ಎಂದೆ.

“ಮತ್ತೆ ಅದು ಹೇಗೆ ನಡೀತು?”

“ಬೋರ್ಡ್ ಮೇಲೆ ಇನ್ನೂ ಬರೆದಿಲ್ವಲ್ಲ.”

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಸಾಲಿನಲ್ಲಿದ್ದವರು ಏನೋ ನೆಪ ಮಾಡಿಕೊಂಡು ಒಬ್ಬೊಬ್ಬರಾಗಿ ಹೊರಗೆ ಹೋದರು. ಪಂಚಾಕ್ಷರಿ ಮಾತ್ರ ಪೊರಕೆ ಹಿಡಿದು ಅಲ್ಲೇ ನಿಂತಿದ್ದ.

“ಅಮ್ಮಂದು ನಾನು ಬರೆದದ್ದಕ್ಕೇ ನಿಂತಿತೋ ಏನೋ, ಅಣ್ಣಾ” ಎಂದೆ. “ನಿಲ್ಲೋ ಹೊತ್ತಿಗೆ ಸರಿಯಾಗಿ ನಾನು ಬರೆದೆನೋ ಏನೋ. ನನಗೆ ಗೊತ್ತಿಲ್ಲ. ನಾಲ್ಕು ದಿನದಿಂದ ಯೋಚನೆ ಮಾಡ್ತಿದೀನಿ. ಏನೂ ಗೊತ್ತಾಗ್ತಾ ಇಲ್ಲ.”

ಅಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ. “ಗೊತ್ತಿಲ್ಲ ಅನ್ನೋ ಈ ಒಂದು ಮಾತು ಆವತ್ತೇ ಹೇಳಿದ್ರೆ ಸಾಕಾಗಿತ್ತಲ್ಲೇ ವಿಶಾಲೂ” ಎಂದ. “ಬರೆದೆ ಅಂತ ನನಗೆ ಸಿಟ್ಟಿರಲಿಲ್ಲ. ಅನುಮಾನವೇ ಇಲ್ಲ ಅಂದೆಯಲ್ಲ, ಅದಕ್ಕೆ.”

ನನಗೆ ಅಳು ಬಂತು. ಇಪ್ಪತ್ತೆಂಟು ವರ್ಷದಲ್ಲಿ ಆ ಕೌಂಟರಿನ ಹಿಂದೆ ನಾನು ಅತ್ತವಳಲ್ಲ, ಅಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಳು ಮುಗಿದ ಮೇಲೆ, “ಸೋಮವಾರ ಏನು ಬರೀಲಿ?” ಎಂದು ಕೇಳಿದೆ.

“ನನ್ನ ಕೇಳ್ತೀಯಲ್ಲ. ಪತ್ರದಲ್ಲಿ ಏನಿದೆಯೋ ಅದನ್ನ ಬರಿ. ಒಂದು ವಾರ ತಡಿ ಅಂದಿದ್ದೆನೇ ಹೊರತು ಸುಳ್ಳು ಬರಿ ಅಂತ ನಾನು ಯಾವತ್ತೂ ಅಂದಿಲ್ಲ.”

“ಬರೆದ ಕೂಡ್ಲೇ ನಿಂತುಬಿಟ್ರೆ?”

ಅವನು ಹಾಳೆಯನ್ನು ಮಡಿಸಿದ. “ಈ ಪತ್ರ ನಾಳೆ ತನಕ ನನ್ನ ಹತ್ರ ಇರ್ಲಿ. ಜುಲೇಖಾಬಿಗೂ ತೋರಿಸಬೇಕಲ್ಲ, ಅವಳೂ ಕೇಳಿದ್ಲಂತೆ” ಎಂದು ಹೇಳಿ, ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಪತ್ರವನ್ನು ಕಚೇರಿಯಿಂದ ಆಚೆ ಒಯ್ಯುವುದು ನಿಯಮಕ್ಕೆ ವಿರುದ್ಧ. ನಾನು ಬಾಯಿ ತೆರೆಯಲಿಲ್ಲ, ಪಂಚಾಕ್ಷರಿಯೂ ತೆರೆಯಲಿಲ್ಲ.

ಭಾನುವಾರ ಇಡೀ ದಿನ ಅಣ್ಣ ಮತ್ತು ಜುಲೇಖಾಬಿ ಮನೆಮನೆ ಸುತ್ತಿದರು. ಏನು ಮಾಡುತ್ತಿದ್ದಾರೆಂದು ನನಗೆ ಯಾರೂ ಹೇಳಲಿಲ್ಲ, ಕಿಟಕಿಯಿಂದ ನೋಡಿ ತಲೆ ಕೆಡಿಸಿಕೊಂಡೆ. ಮೂರೂವರೆಗೆ ಗುಂಡಿ ಒತ್ತಿದೆ. ಹುರಿಗಾಳು ಪಟ್ಟಿಯಲ್ಲಿರಲಿಲ್ಲ. ಅದಿರಲಿ, ಯಾರ ಹೆಸರೂ ಇರಲಿಲ್ಲ. ಇಡೀ ಬೀದಿಯಲ್ಲಿ ಆಟಗಾರ ೪ ಒಬ್ಬಳೇ. ಒಂದು ಗಳಿಗೆ ಕೂತಿದ್ದು, ನನ್ನ ಚಿಣ್ಣಿಯನ್ನೂ ಆರಿಸಿದೆ.

ಸೋಮವಾರ ಹತ್ತೂವರೆಗೆ ಬೋರ್ಡಿನ ಮುಂದೆ ನೂರು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಚಿಣ್ಣಿ, ಎಲ್ಲವೂ ಆರಿದ್ದವು. ಜುಲೇಖಾಬಿ ನನ್ನ ಹತ್ತಿರ ಬಂದು, “ನಾವೇ ಆರಿಸಿದೀವಮ್ಮ, ನಿನ್ನೆ ಸಂಜೆ ಒಳಗೆ ಎಲ್ಲರೂ ಕೊನೆ ಕೆಲಸ ಮುಗಿಸಿ ನಮ್ಮ ಕೈಯಾರೆ ಆರಿಸಿದೀವಿ. ನೀನು ಬರಿ” ಎಂದಳು. ಒಂದೂ ನಡೆಯುತ್ತಿಲ್ಲದಿದ್ದರೆ, ನಾನು ಬರೆದಾಗ ಯಾವುದು ನಿಂತಿತು ಯಾವುದು ನಿಲ್ಲಲಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ಬರೆದ ಮೇಲೆ ಯಾರೂ ಒತ್ತಿ ನೋಡುವವರೂ ಅಲ್ಲ. ಅಣ್ಣನ ಯೋಚನೆ ನನಗೆ ಆಗ ಹೊಳೆಯಿತು. ಅವನು ಗುಂಪಿನ ಹಿಂದೆ, ಕೈಕಟ್ಟಿ ನಿಂತು ಎಲ್ಲೋ ನೋಡುತ್ತಿದ್ದ. ಚಿಣ್ಣಿ, ನಿಂತಿದೆ, ಎಂದು ಬರೆದೆ. ಅಕ್ಷರ ಸೊಟ್ಟಗಾದವು. ಜನ ಚದುರಿದರು.

ಆ ಮಧ್ಯಾಹ್ನ ನಾನು ಅಭ್ಯಾಸದಂತೆ ಜಗಲಿಗೆ ಬಂದು ಕೂತೆ. ಮಡಿಲಲ್ಲಿ ಚಿಣ್ಣಿ ಇತ್ತು. ಒತ್ತಬಾರದೆಂದು ಗೊತ್ತಿದ್ದರೂ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒಂದು ಸಲ ಒತ್ತಿದರೆ ಸಾಕು, ಅಮ್ಮನ ಮಿಷನ್ನನ್ನು ನಿಲ್ಲಿಸಿದ್ದು ನಾನೋ ಅಲ್ಲವೋ ಎಂದು ತಿಳಿಯುತ್ತಿತ್ತು. ತಿಳಿಯಬೇಕೆಂದು ಆಸೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು, ಯಾವುದು ಹೆಚ್ಚೆಂದು ಹೇಳಲಾರೆ. ಆಗ ಎದುರು ಮನೆಯ ಬಾಗಿಲು ತೆರೆಯಿತು. ಅಣ್ಣ ರಸ್ತೆ ದಾಟಿ ಬಂದು ನನ್ನ ಜಗಲಿ ಹತ್ತಿದ. ನನ್ನ ಕೈಯಿಂದ ಚಿಣ್ಣಿ ತೆಗೆದುಕೊಂಡು, ಉಗುರಿನಿಂದ ಹಿಂಬದಿಯ ಮುಚ್ಚಳ ಎಬ್ಬಿಸಿ, ಎರಡೂ ಸೆಲ್ಲುಗಳನ್ನು ಹೊರತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಖಾಲಿ ಚಿಣ್ಣಿಯನ್ನು ನನ್ನ ಮಡಿಲಿಗೆ ವಾಪಸು ಇಟ್ಟು ಪಕ್ಕದಲ್ಲಿ ಕೂತ.

“ನಿನ್ನ ಅತ್ತಿಗೆ ಕಾಫಿಗೆ ಇಟ್ಟಿದಾಳೆ, ಏಳು” ಎಂದ.

ಆ ಸೆಲ್ಲುಗಳನ್ನು ಅವನು ಇವತ್ತಿಗೂ ಕೊಟ್ಟಿಲ್ಲ. ನಾನೂ ಕೇಳಿಲ್ಲ.